ಮದುವೆ ಕ್ಯಾಸೆಟ್ಟಿನ ಕೊನೆ

ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಿಂದ ತಿರುವಿ ಹಾಕುವುದು ನಮ್ಮ ಕಡೆಯ ಹೆಂಗಸರಿಗೆ ದೊಡ್ಡ ಮಾತಲ್ಲ. ಆದರೆ ತಿರುವಿದ ಮೇಲೆ ಎಲ್ಲರೂ ಕೈ ಝಾಡಿಸುತ್ತಾರೆ, ಬೆರಳಿಗೆ ಊದಿಕೊಳ್ಳುತ್ತಾರೆ, ಒಲೆಗೋ ಗಂಡನಿಗೋ ಒಂದು ಮಾತಾದರೂ ಬೈಯುತ್ತಾರೆ. ನಿರ್ಮಲಾ ಇದಾವುದನ್ನೂ ಮಾಡುತ್ತಿರಲಿಲ್ಲ. ಸುಮ್ಮನೆ ತಿರುವುತ್ತಿದ್ದಳು, ಸುಮ್ಮನೆ ತೆಗೆದು ಬುಟ್ಟಿಗೆ ಹಾಕುತ್ತಿದ್ದಳು. ಹಳೇ ದಾಂಡೇಲಿಯ ಒಂದು ಬಾಡಿಗೆ ಖೋಲಿಯಲ್ಲಿದ್ದುಕೊಂಡು, ಕಾಗದ ಕಾರ್ಖಾನೆಯ ಒಂಟಿ ಗಂಡಸರಿಗೆ ರೊಟ್ಟಿ ಬಡಿದು ಕೊಟ್ಟು ಬದುಕುತ್ತಿದ್ದ ಅವಳಿಗೆ ಬೆರಳು ಸುಡುವುದು ನಿಂತೇ ಹೋಗಿತ್ತು. ಗಂಡ ಜ್ಯೋತಿಬಾ ಸತ್ತಾಗಿನಿಂದ ಹೀಗೆ.

ಕಾಮಣಿಯಾಗಿ, ಕಣ್ಣು ಮೈ ಹಳದಿಯಾಗಿ ಸತ್ತ. ಕುಡಿಯದ ಮನುಷ್ಯ, ಕಾಮಣಿ ಹೇಗೆ ಹತ್ತಿತು ಎಂದು ಡಾಕ್ಟರಿಗೂ ತಿಳಿಯಲಿಲ್ಲ. ಹೆಣ ಎತ್ತುವಾಗ ನಿರ್ಮಲಾ ಅಳಲಿಲ್ಲ. ಪಕ್ಕದ ಕ್ವಾರ್ಟರ್ಸಿನ ಗೋದುಬಾಯಿ ಭುಜ ಹಿಡಿದು ಅಲುಗಾಡಿಸಿ, "ಅತ್ತ ಬಿಡವಾ, ಎದಿಯಾಗ ಇಟಗೊಂಡ್ರ ಒಡದೀತು" ಎಂದಳು. ನಿರ್ಮಲಾ ಅವಳ ಮುಖವನ್ನೇ ನೋಡಿದಳು. ಅಳಬೇಕು ಎಂದು ಅವಳಿಗೂ ಗೊತ್ತಿತ್ತು. ಬರಲಿಲ್ಲ, ಅಷ್ಟೆ. ಒಂದೇ ಮಗ್ಗುಲಿಗೆ ಮಲಗಿದಾಗ ತೋಳು ಜೋಮು ಹಿಡಿಯುತ್ತದಲ್ಲ, ಹಾಗೆ ಅವಳಿಗೆ ಪೂರ್ತಿ ಮೈ ಹಿಡಿದಿತ್ತು. ಅಳದ ಹೆಂಗಸನ್ನು ಕಂಡರೆ ಊರಿಗೆ ಆಗುವುದಿಲ್ಲ. "ಗಂಡ ಮಾಡಿದ್ದು ಆಕಿಗೂ ಗೊತ್ತೈತಿ, ಅದಕ್ಕs ಕಣ್ಣೀರು ಬರವಲ್ಲವು" ಎಂದು ನಳದ ಹತ್ತಿರ ಯಾರೋ ಅಂದರು. ಅದೂ ಅವಳ ಕಿವಿಗೆ ಬಿತ್ತು. ಅದಕ್ಕೂ ಏನೂ ಅನ್ನಿಸಲಿಲ್ಲ.

ಗಂಡ ಮಾಡಿದ್ದೇನು ಎಂದರೆ, ಒಂದು ಗೋಲು ಕೊಡದೇ ಇದ್ದದ್ದು.

ಜ್ಯೋತಿಬಾ ಕಾರ್ಖಾನೆಯಲ್ಲಿ ಫಿಟ್ಟರ್. ರವಿವಾರ ಬಂತೆಂದರೆ ಫುಟ್‌ಬಾಲ್ ರೆಫ್ರಿ. ಖಾನಾಪುರದ ಕಡೆಯವನು, ಆಡುವ ಕಾಲ ಮುಗಿದ ಮೇಲೆ ಸೀಟಿ ಹಿಡಿದವನು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಎಲ್ಲಿ ಆಟ ಇದ್ದರೂ ಅವನಿಗೇ ಕರೆ. ಎರಡು ಸಾವಿರದ ಇಸವಿ, ಜನವರಿ ಇಪ್ಪತ್ತಾರರ ಫೈನಲ್. ಒಂದು ಕಡೆ ಕಾರ್ಖಾನೆಯ ತಂಡ, ಇನ್ನೊಂದು ಕಡೆ ಮುಂಡಗೋಡದ ಟಿಬೆಟನ್ ಕಾಲೊನಿಯ ತಂಡ. ಕಾಲೊನಿಯವರು ಒಂದು ಗೋಲು ಹೊಡೆದು ಮುಂದಿದ್ದರು. ಇನ್ನೇನು ಆಟ ಮುಗಿಯಬೇಕು ಎನ್ನುವಾಗ ಕಾರ್ಖಾನೆಯ ಹುಡುಗನೊಬ್ಬ ಬೀಸಿ ಒದ್ದ. ಚೆಂಡು ಮೇಲಿನ ಅಡ್ಡಗಂಬಕ್ಕೆ ಬಡಿದು, ಕೆಳಗೆ ಬಿದ್ದು, ಪುಟಿದು ಹೊರಗೆ ಬಂತು. ಗೋಲ್‌ಕೀಪರ್ ಅದನ್ನು ಅಪ್ಪಿಕೊಂಡು ಬಿದ್ದ. ಚೆಂಡು ಬಿದ್ದದ್ದು ಸುಣ್ಣದ ಗೆರೆಯ ಒಳಗೋ ಹೊರಗೋ? ಒಳಗೆ ಎಂದು ಇಡೀ ಮೈದಾನ ಎದ್ದು ಕೂಗಿತು. ಜ್ಯೋತಿಬಾ ಕೈ ಬೀಸಿ "ಆಡ್ರಿ" ಎಂದ. ಆಟ ಮುಗಿಯಿತು. ಗೆದ್ದವರಿಗೆ ಕೊಡುವ ಢಾಲು ಮುಂಡಗೋಡಕ್ಕೆ ಹೋಯಿತು.

ಇಷ್ಟಕ್ಕೇ ಮುಗಿದಿದ್ದರೆ ನಾಲ್ಕು ದಿನ ಬೈದು ಸುಮ್ಮನಾಗುತ್ತಿದ್ದರು. ಆದರೆ ಸಂಜೆ ಕಾಳಿ ಹೊಳೆಯ ಕಡೆಯಿಂದ ಥಂಡಿ ಗಾಳಿ ಬೀಸಿತು. ಜ್ಯೋತಿಬಾ ಬಹುಮಾನದ ಪೆಂಡಾಲಿಗೆ ಸ್ವೆಟರ್ ಹಾಕಿಕೊಂಡು ಬಂದ. ಆ ಸ್ವೆಟರಿನ ಬಣ್ಣ ಕಡುಗೆಂಪು. ಕಾಲೊನಿ ಹುಡುಗರ ಅಂಗಿಯ ಬಣ್ಣವೂ ಅದೇ. ಕಾರ್ಖಾನೆ ತಂಡದ ಮ್ಯಾನೇಜರ್ ಶಂಕ್ರಪ್ಪ ಅವನನ್ನು ಮೇಲಿನಿಂದ ಕೆಳಗೆ ನೋಡಿ, "ಬಣ್ಣ ಚಲೋ ಒಪ್ಪತೈತಿ ನಿಮಗ" ಎಂದ. ನಿಂತವರು ನಕ್ಕರು. ಮರುದಿನದ ಹೊತ್ತಿಗೆ, ಕಾಲೊನಿಯವರು ರೆಫ್ರಿಗೆ ಸ್ವೆಟರ್ ಹೊದಿಸಿ ಢಾಲು ಒಯ್ದರು ಎಂಬ ಮಾತು ಪೇಟೆಯ ತುಂಬ ಆಗಿತ್ತು.

ಆ ಸ್ವೆಟರ್ ತಂದವಳು ನಿರ್ಮಲಾ. ಮುಂಡಗೋಡದಲ್ಲಿರುವ ಅಕ್ಕ ಮಾಲವ್ವನ ಮನೆಗೆ ಹೋದಾಗ, ಅಲ್ಲಿಯ ಸಂತೆಯಲ್ಲಿ ಒಬ್ಬ ಟಿಬೆಟನ್ ಮುದುಕಿಯ ಹತ್ತಿರ ಚೌಕಾಸಿ ಮಾಡಿ ಕೊಂಡಿದ್ದಳು. ಕಾಲೊನಿ ತಂಡದ ಅಂಗಿ ಯಾವ ಬಣ್ಣದ್ದು ಎಂದು ಅವಳಿಗೇನು ಗೊತ್ತು? ನಳದ ಹತ್ತಿರ, ಗಿರಣಿಯಲ್ಲಿ, ಕಂಡ ಕಂಡವರಿಗೆಲ್ಲ ಹೇಳಿದಳು: "ನಾನs ತಂದೇನ್ರಿ, ಮಾಲಕ್ಕನ್ನ ಕೇಳ್ರಿ ಬೇಕಾರ." ಹೇಳಿದಷ್ಟೂ ಎದುರಿನವರ ತುಟಿಯ ಮೇಲೆ ನಗೆ ದೊಡ್ಡದಾಯಿತು. ಗಂಡನಿಗಾದರೂ ಬುದ್ಧಿ ಬೇಡವೇ? ಅವನು ಆ ಸ್ವೆಟರನ್ನು ದಿನವೂ ಹಾಕಿಕೊಂಡೇ ಕೆಲಸಕ್ಕೆ ಹೋದ. "ಥಂಡಿ ಐತಿ, ಹಾಕ್ಕೋತೇನಿ. ಅದಕ್ಕ ಯಾರ ಅಪ್ಪಣಿ ಬೇಕು?" ಎಂದ.

ಆ ಆಟವನ್ನು ಒಂದು ಕ್ಯಾಮೆರಾ ನೋಡಿತ್ತು. ದೊಡ್ಡ ಅತಿಥಿಗಳು ಬರುತ್ತಾರೆಂದು ಕಮಿಟಿಯವರು ಮದುವೆ ವಿಡಿಯೊ ತೆಗೆಯುವ ತುಳಸಿರಾಮನನ್ನು ಕರೆಸಿದ್ದರು. ಅವನು ಗೋಲುಕಂಬದ ಮಗ್ಗುಲಿಗೆ ಟ್ರ್ಯಾಕ್ಟರ್ ಟ್ರೇಲರ್ ಮೇಲೆ ನಿಂತು ಆಟವನ್ನೂ ತೆಗೆದಿದ್ದ. ಮರುದಿನ ಕಮಿಟಿ ಕೂಡಿತು. ಕ್ಯಾಸೆಟ್ ಹಾಕಿ ನೋಡೋಣ, ಒಳಗೆ ಬಿದ್ದಿದ್ದರೆ ಆಟ ಮತ್ತೆ ಆಡಿಸೋಣ ಎಂದು ಶಂಕ್ರಪ್ಪ ಪಟ್ಟು ಹಿಡಿದ. ಟೀವಿ, ವಿಸಿಆರ್ ಎರಡನ್ನೂ ಮೇಜಿನ ಮೇಲೆ ತಂದಿಟ್ಟೂ ಬಿಟ್ಟಿದ್ದ.

ಜ್ಯೋತಿಬಾ ಒಪ್ಪಲಿಲ್ಲ. "ಸೀಟಿ ಊದಿದ ಮ್ಯಾಲ ಮುಗೀತ್ರಿ. ಇವತ್ತ ಇದೊಂದು ನೋಡಿದ್ರ ನಾಳೆ ಎಲ್ಲಾದೂ ನೋಡಬೇಕಾಗ್ತೈತಿ. ಮದುವಿ ಕ್ಯಾಮೆರಾದಾಂವನs ರೆಫ್ರಿ ಆಗ್ತಾನ. ಹಂಗಂದ್ರ ಮೈದಾನದಾಗ ನಾ ಯಾಕ ಬೇಕು?"

"ತಪ್ಪಿಲ್ಲದಾಂವ ನೋಡಾಕ ಯಾಕ ಅಂಜತಾನ?" ಎಂದ ಶಂಕ್ರಪ್ಪ.

"ನಾ ಅಂಜಿಲ್ಲ. ನೋಡೂದು ಬ್ಯಾಡ. ಸೀಟಿ ಊದಿದಾಂವ ನಾನು, ತಪ್ಪಿದ್ರ ತಪ್ಪು ನಂದು."

ಆಗ ಕೊನೆಯ ಮೊಳೆ ಹೊಡೆದವನು ಸುಭಾಷ. ಅಂದು ಆ ಬದಿಯ ಲೈನ್‌ಮನ್ ಅವನೇ. ಹಳಿಯಾಳದ ಹತ್ತಿರದ ತಾಂಡಾದ ಹುಡುಗ; ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲಿದ್ದ. ಸೀಟಿ ಹಿಡಿಯುವುದು, ಓಡುವುದು, ಎಲ್ಲಿ ನಿಲ್ಲಬೇಕು ಎನ್ನುವುದು, ಎಲ್ಲವನ್ನೂ ಅವನಿಗೆ ಜ್ಯೋತಿಬಾನೇ ಕಲಿಸಿದ್ದ. ಮನೆಯಲ್ಲಿ ಉಂಡುಹೋಗುತ್ತಿದ್ದ ಹುಡುಗ. ಅವನು ನೆಲ ನೋಡುತ್ತ, "ಗೋಲು ಅಂತ ನಾ ಬಾವುಟ ಎತ್ತಿದ್ದೆ. ಅಣ್ಣ ನನ್ನ ಕಡೆ ನೋಡಲಿಲ್ಲ" ಎಂದನಂತೆ. ಅಲ್ಲಿಗೆ ಎಲ್ಲ ಮುಗಿಯಿತು; ಇನ್ನು ಕ್ಯಾಸೆಟ್ ನೋಡುವುದೇನಿದೆ ಎಂದು ಎಲ್ಲರೂ ಎದ್ದರು. ತಪ್ಪು ಎನ್ನುವುದು ಮೋಸವಾಯಿತು. ಸೀಟಿಯನ್ನು ಜ್ಯೋತಿಬಾನಿಂದ ಕಿತ್ತುಕೊಂಡು, ಸ್ವಲ್ಪ ದಿನಕ್ಕೆ ಸುಭಾಷನ ಕೊರಳಿಗೇ ಹಾಕಿದರು.

"ಸುಭಾಷ ಬಾವುಟ ಎತ್ತಿದ್ನಂತಲ್ರೀ?" ಎಂದು ನಿರ್ಮಲಾ ಊಟದ ಹೊತ್ತಿಗೆ ಕೇಳಿದ್ದಳು.

"ಸೀಟಿ ಊದಿದಾಂವ ನಾನು" ಎಂದಷ್ಟೇ ಹೇಳಿ ಅವನು ತುತ್ತು ಬಾಯಿಗಿಟ್ಟ.

ಸೊಕ್ಕು ಎಂದುಕೊಂಡಳು ಅವಳು. ಮಾಡಿದ ತಪ್ಪನ್ನು ಒಪ್ಪಿಕೊಳ್ಳಲಾರದ ಗಂಡಸಿನ ಸೊಕ್ಕು. ಆಗಿನ್ನೂ ಅವಳಿಗೆ ಸಿಟ್ಟು ಬರುತ್ತಿತ್ತು. ಮುಂದೆ ಕ್ಯಾಂಟೀನಿನಲ್ಲಿ ಅವನ ಮೇಜಿಗೆ ಯಾರೂ ಕೂಡದಂತಾದರು. ಡಬ್ಬಿ ಅರ್ಧ ತುಂಬಿಯೇ ಮನೆಗೆ ಬರತೊಡಗಿತು. ಇದೆಲ್ಲ ನಡೆದಿರುವಾಗಲೇ ಮೇ ತಿಂಗಳಲ್ಲಿ ಸುಭಾಷನ ಮದುವೆ ಬಂತು. ಹೋಗುವುದು ಬೇಡ ಎಂದು ನಿರ್ಮಲಾ ಹಟ ಹಿಡಿದಳು. ಜ್ಯೋತಿಬಾ ಒಬ್ಬನೇ ಒಂದು ಸ್ಟೀಲ್ ಕೊಡ ಹೊತ್ತುಕೊಂಡು ತಾಂಡಾಕ್ಕೆ ಹೋಗಿ, ಅಕ್ಕಿಕಾಳು ಹಾಕಿ, ಉಂಡು ಬಂದ. "ಮದುವಿ ಚಲೋ ಆತು" ಎಂದು ಬೇರೆ ಹೇಳಿದ. ಎಂಥ ಮನುಷ್ಯ ಇವನು ಎಂದು ಅವಳು ಎರಡು ದಿನ ಮಾತು ಬಿಟ್ಟಿದ್ದಳು.

ಮುಂದಿನ ವರ್ಷದ ಮಳೆಗಾಲದಲ್ಲಿ ಅವನು ತೀರಿಕೊಂಡ. ನಿರ್ಮಲಾ ಕಾರ್ಖಾನೆಯ ಕ್ವಾರ್ಟರ್ಸ್ ಬಿಟ್ಟು ಹಳೇ ದಾಂಡೇಲಿಗೆ ಬರಬೇಕಾಯಿತು.

ಆಟದ ಕಮಿಟಿಯವರದು ಒಂದು ಪದ್ಧತಿ ಇತ್ತು. ಪ್ರತಿ ಜನವರಿ ಇಪ್ಪತ್ತಾರಕ್ಕೆ, ತೀರಿಹೋದ ಆಟಗಾರರ, ರೆಫ್ರಿಗಳ ಫೋಟೊಗಳನ್ನು ಪೆಂಡಾಲಿನಲ್ಲಿ ಸಾಲಾಗಿ ಇಟ್ಟು ಮಾಲೆ ಹಾಕುವುದು. ಅವನು ಸತ್ತ ಮರುವರ್ಷದ ಜನವರಿಗೆ ನಿರ್ಮಲಾ ಗಂಡನ ಒಂದು ಫೋಟೊಕ್ಕೆ ಚೌಕಟ್ಟು ಹಾಕಿಸಿ ಕಳಿಸಿಕೊಟ್ಟಳು. ಅದು ಮೂರನೇ ದಿನಕ್ಕೆ ತಿರುಗಿ ಬಂತು. ಶಂಕ್ರಪ್ಪ "ಜಾಗ ಇಲ್ಲಂತ ಹೇಳು" ಎಂದು ಹೇಳಿಕಳಿಸಿದ್ದ. ಅವಳು ಫೋಟೊ ಇಸಿದುಕೊಂಡು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಳು. ಗಂಡನ ಮಾನ ಆ ಸಾಲಿನಲ್ಲಿ ಒಂದು ಗೇಣು ಜಾಗ ಅಷ್ಟೇ ಕೇಳುತ್ತಿತ್ತು, ಅದೂ ಸಿಗಲಿಲ್ಲ. ಅಂದಿನಿಂದ ಅವಳು ಯಾರಿಗೂ ಏನೂ ಹೇಳುವುದನ್ನು ಬಿಟ್ಟಳು, ಸ್ವೆಟರಿನ ಕಥೆಯನ್ನೂ ಕೂಡ.

ಅದೇ ವರ್ಷ ಮಳೆಗಾಲದ ಹೊತ್ತಿಗೆ ವಿಶ್ವಕಪ್ ಬಂತು. ಟೀವಿ ಇದ್ದ ಮನೆಗಳಲ್ಲೆಲ್ಲ ಮಧ್ಯಾಹ್ನವೇ ಜಾತ್ರೆ. ರೊಟ್ಟಿ ಬುಟ್ಟಿ ಹೊತ್ತು ಹೋಗುವಾಗ ಒಮ್ಮೆ ಶಂಕ್ರಪ್ಪನ ಮನೆಯ ಬಾಗಿಲಲ್ಲಿ ಅವಳಿಗೆ ಅವನ ದನಿ ಕೇಳಿಸಿತು. "ನೋಡ್ರಿ, ಮತ್ತ ತೋರಸಾಕತ್ಯಾರ! ಈ ಕಡಿಯಿಂದ, ಆ ಕಡಿಯಿಂದ, ಸಾವಕಾಶ ಮಾಡಿ ತೋರಸ್ತಾರ. ಜಗತ್ತೆಲ್ಲ ನೋಡ್ತೈತಿ, ಸೀಟಿ ಹಿಡದಾಂವ ಒಬ್ಬಾಂವ ನೋಡೂದಿಲ್ಲ! ಅವಂಗೂ ಒಂದು ಟೀವಿ ಕೊಟ್ರ ಏನ್ ಕಳಕೋತಾರ? ನಮ್ಮ ಜ್ಯೋತಿಬಾಗ ಇಂಥಾದ್ದೊಂದು ತೋರಿಸಿದ್ರ ಅವತ್ತs ಗೊತ್ತಾಗ್ತಿತ್ತು."

ಒಬ್ಬ ಹಿರಿಯ, "ಆದ್ರ ಆಟ ಅನ್ನೂದು ನಿಲ್ತೈತಲ್ಲೋ ಮಾರಾಯಾ. ಪ್ರತಿ ಸಲ ಓಡಿ ಹೋಗಿ ಟೀವಿ ನೋಡಕೋತ ಕುಂತ್ರ ಆಡಾವ್ರು ನಡುವ ಬೀಡಿ ಸೇದಬೇಕೇನು?" ಎಂದ. ಎಲ್ಲರೂ ನಕ್ಕರು. ಒಳಗೆ ವಾದ ಹತ್ತಿಕೊಂಡಿತು. ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ಒಬ್ಬ. ಯಂತ್ರ ಹಿಡಿದವನು ಹೇಳುತ್ತಾನಲ್ಲ ಎಂದು ಇನ್ನೊಬ್ಬ. ನಿರ್ಮಲಾ ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಮುಂದೆ ನಡೆದಳು.

ಆ ಕ್ಯಾಸೆಟ್ ಇಲ್ಲ ಎಂದು ಊರಿಗೆಲ್ಲ ಗೊತ್ತಿತ್ತು. ತುಳಸಿರಾಮ ಅದರ ಮೇಲೆ ಯಾವುದೋ ಮದುವೆಯ ವಿಡಿಯೊ ಎತ್ತಿಬಿಟ್ಟಿದ್ದ. ಹೊಸ ಕ್ಯಾಸೆಟ್ ಹಾಕಿದೆ ಎಂದು ದುಡ್ಡು ತೆಗೆದುಕೊಂಡು ಹಳೆಯದರ ಮೇಲೇ ಎತ್ತುವುದು ಅವನ ಹಳೇ ಚಾಳಿ. ಅದಕ್ಕಾಗಿ ಯಾರೂ ಅವನ ಕೊರಳಪಟ್ಟಿ ಹಿಡಿಯಲಿಲ್ಲ.

ಮುಂದಿನ ಜನವರಿಯ ಎರಡನೇ ವಾರ, ಸುಭಾಷನ ಹೆಂಡತಿ ತುಳಜಾ ಓಡೋಡಿ ಬಂದಳು. ಒಳ್ಳೆಯ ಹುಡುಗಿ. ಜ್ಯೋತಿಬಾ ತೀರಿದ ಮೇಲೆ ಆಗಾಗ ಬಂದು ಹೋಗುತ್ತಿದ್ದಳು. ಸುಭಾಷ ಮಾತ್ರ ಎದುರಿಗೆ ಬರುತ್ತಿರಲಿಲ್ಲ, ಆದರೆ ತಿಂಗಳಿಗೊಮ್ಮೆ ಒಲೆಗೆ ಬಿದಿರಿನ ತುಂಡು ಒಂದು ಚೀಲ ತಪ್ಪದೆ ಕಳಿಸುತ್ತಿದ್ದ. ಹುಡುಗನದು ದೊಡ್ಡ ಮನಸ್ಸು ಎಂದುಕೊಂಡು ನಿರ್ಮಲಾ ಅದನ್ನು ಉರಿಸುತ್ತಿದ್ದಳು.

"ವೈನಿ, ಕೈ ತೊಳಕೊಂಡು ಬರ್ರಿ. ನಮ್ಮ ಮದುವಿ ಕ್ಯಾಸೆಟ್ಟಿನ್ಯಾಗ ಅಣ್ಣಾರು ಅದಾರ!"

"ಅಕ್ಕಿಕಾಳು ಹಾಕಾಕ ಬಂದಿದ್ರಲ್ಲ, ಇರ್ತಾರ ಬಿಡು."

"ಅದಲ್ರಿ. ಓಡಾಡತಾರ. ಸೀಟಿ ಊದತಾರ. ಬರ್ರಿ ಅಂದ್ರ ಬರ್ರಿ."

ಆದದ್ದು ಹೀಗೆ. ಲಂಬಾಣಿ ಮದುವೆಯಲ್ಲಿ, ಹೆಣ್ಣು ಗಂಡನ ಮನೆಗೆ ಹೊರಡುವಾಗ ತಾಯಿ, ಅಕ್ಕತಂಗಿ, ಗೆಳತಿಯರ ಕೊರಳು ಒಬ್ಬೊಬ್ಬರದಾಗಿ ತಬ್ಬಿ, ರಾಗ ಎಳೆದು, ಹಾಡಾಗಿ ಅಳಬೇಕು. ಅಳುವುದಕ್ಕೂ ಮಾತು ಕಲಿತಿರಬೇಕು, ಧಾಟಿ ಗೊತ್ತಿರಬೇಕು. ತುಳಜಾ ಚೆನ್ನಾಗಿ ಅತ್ತಿದ್ದಳು. ತಾಂಡಾದಲ್ಲಿ ಇಂದಿಗೂ ಆ ಅಳುವಿನ ಹೆಸರು ಹೇಳುತ್ತಾರೆ. ಆದರೆ ಅದನ್ನು ಟೀವಿಯಲ್ಲಿ ನೋಡಲು ಅವಳಿಗೆ ನಾಚಿಕೆ. ಯಾರಾದರೂ ಮದುವೆ ಕ್ಯಾಸೆಟ್ ಹಾಕೆಂದರೆ ಹಾಕುತ್ತಿದ್ದಳು, ಅಳು ಸುರುವಾಗುತ್ತಿದ್ದಂತೆ ಬಂದ್ ಮಾಡುತ್ತಿದ್ದಳು. ಆದ್ದರಿಂದ ಆ ಕ್ಯಾಸೆಟ್ಟಿನ ಕೊನೆಯನ್ನು ಇಷ್ಟು ವರ್ಷ ಯಾರೂ ನೋಡಿರಲಿಲ್ಲ. ಈಗ ತಂಗಿ ರೀನಾಳ ಮದುವೆ ನಿಶ್ಚಯವಾಗಿತ್ತು. ಅಳುವುದನ್ನು ಕಲಿಸು ಎಂದು ಅವಳು ಅಕ್ಕನ ಮನೆಗೆ ಬಂದು ಕೂತಿದ್ದಳು. ಬಾಯಿಂದ ಹೇಳಿಕೊಟ್ಟರೆ ನಗು ಬರುತ್ತದೆ, ಕ್ಯಾಸೆಟ್ಟೇ ಹಾಕು ಎಂದಳು. ಹಾಕಿದರು. ಕೊನೆಯವರೆಗೂ ಓಡಿಸಿದರು.

ನಿರ್ಮಲಾ ತುಳಜಾಳ ಮನೆಯಲ್ಲಿ ಚಾಪೆಯ ಮೇಲೆ ಕುಳಿತಳು. ರೀನಾ ಗೋಡೆಗೆ ಒರಗಿ ಕೂತಿದ್ದಳು. ಟೀವಿಯಲ್ಲಿ ಮದುಮಗಳು ತುಳಜಾ ತಾಯಿಯ ಕೊರಳು ತಬ್ಬಿ ಅಳುತ್ತಿದ್ದಳು. ಮೇಲೇರಿ, ಇಳಿದು, ಮತ್ತೆ ಮೇಲೇರುವ ಉದ್ದದ ಅಳು. ನಿರ್ಮಲಾ ಅದನ್ನು ನೋಡಿದಳು. ಇಷ್ಟು ಚೆಂದ ಅಳಲು ಬರುತ್ತದಲ್ಲ ಕೆಲವರಿಗೆ ಎಂದುಕೊಂಡಳು. ನಡುವೆಯೇ ಚಿತ್ರ ಕಟ್ಟಾಯಿತು.

"ಕರೆಂಟ್ ಹೋಗಿತ್ರಿ ಅವತ್ತ. ಬ್ಯಾಟರಿನೂ ಮುಗೀತು. ಅದಕ್ಕ ಪೂರ್ತಿ ಎತ್ತಲಿಲ್ಲ" ಎಂದಳು ತುಳಜಾ.

ಟೀವಿಯ ತುಂಬ ಇರುವೆ ಮುತ್ತಿದಂತೆ ಚುಕ್ಕೆಗಳು. ಆಮೇಲೆ ಒಮ್ಮೆಲೇ ಹಗಲು, ಮಣ್ಣಿನ ಮೈದಾನ, ಜನರ ಗದ್ದಲ. ಕರಿ ಅಂಗಿ, ಕರಿ ಚಡ್ಡಿಯ ಒಬ್ಬ ಮನುಷ್ಯ ದೂರದಿಂದ ಓಡಿ ಬರುತ್ತಿದ್ದ. ಎಡಗಾಲನ್ನು ಸ್ವಲ್ಪ ಹೊರಗೆ ಹಾಕಿ ಓಡುವ ಓಟ. ಅವನ ಹೆಸರು ಯಾರೂ ಹೇಳಬೇಕಾಗಿರಲಿಲ್ಲ. ಸತ್ತವನು ಓಡುವುದನ್ನು ನೋಡಿ ತನಗೆ ಏನಾದರೂ ಆಗಬೇಕು ಎಂದು ನಿರ್ಮಲಾ ಕಾದಳು. ಏನೂ ಆಗಲಿಲ್ಲ. ಕಣ್ಣು ನೋಡುತ್ತಿದ್ದವು, ಅಷ್ಟೆ.

ಕಾರ್ಖಾನೆಯ ಹುಡುಗ ಒದ್ದ. ಚೆಂಡು ಅಡ್ಡಗಂಬಕ್ಕೆ ಬಡಿದು ಕೆಳಗೆ ಬಿತ್ತು. ಬಿದ್ದಲ್ಲಿ ಬಿಳಿ ಸುಣ್ಣ ಹಾರಲಿಲ್ಲ, ಕೆಂಪು ಧೂಳು ಎದ್ದಿತು. ಗೆರೆಯ ಆಚೆ, ಪೂರ್ತಿ ಒಳಗೆ. ಆಟ ತಿಳಿಯದ ರೀನಾ ಕೂಡ "ಒಳಗs ಬಿತ್ತಲ್ಲ" ಎಂದಳು.

ಅಂದರೆ ಗೋಲು. ಅಂದರೆ ಗಂಡ ಹೇಳಿದ್ದು ತಪ್ಪು. ಊರು ಹೇಳಿದ್ದು ಸರಿ. ಸರಿ ಬಿಡು ಎಂದು ನಿರ್ಮಲಾ ಏಳಲು ಹೋದಳು.

ಆದರೆ ತುಳಸಿರಾಮ ಕ್ಯಾಮೆರಾವನ್ನು ಅಲ್ಲಿಂದ ಕದಲಿಸಿರಲಿಲ್ಲ. ಗೋಲಿನ ಈಚೆಯ ಮೂಲೆಯಲ್ಲಿ ಲೈನ್‌ಮನ್ ಕಾಣುತ್ತಿದ್ದ. ಸುಭಾಷ. ಬಾವುಟ ಕಂಕುಳಲ್ಲಿತ್ತು. ಅವನು ಒಂದು ಮೊಣಕಾಲೂರಿ, ತಲೆ ಬಗ್ಗಿಸಿ, ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದ. ಜನ ಕೂಗಿದ್ದಕ್ಕೆ ಧಡಕ್ಕನೆ ಎದ್ದ. ಜ್ಯೋತಿಬಾ ಗೋಲಿನ ಕಡೆ ನೋಡಲಿಲ್ಲ, ಸುಭಾಷನ ಕಡೆ ನೋಡಿದ. ನಿಂತು ನೋಡಿದ. ಸುತ್ತ ಆಟಗಾರರು ಕೈ ಎತ್ತಿ ಒದರುತ್ತಿದ್ದರೂ ಅವನ ಮುಖ ಆ ಕಡೆಯಿಂದ ಅಲುಗಲಿಲ್ಲ. ಸುಭಾಷನೂ ಅವನನ್ನೇ ನೋಡುತ್ತಿದ್ದ. ಬಾವುಟ ಕೆಳಗೇ ಇತ್ತು. ಆಮೇಲೆ ಜ್ಯೋತಿಬಾ ಕೈ ಬೀಸಿ "ಆಡ್ರಿ" ಎಂದ.

"ಇನ್ನೊಮ್ಮೆ ಹಾಕು" ಎಂದಳು ನಿರ್ಮಲಾ.

ತುಳಜಾ ಹಿಂದಕ್ಕೆ ಓಡಿಸಿ ಹಾಕಿದಳು. ಲೇಸು. ಕೂಗು. ಒಬ್ಬರನ್ನೊಬ್ಬರು ನೋಡುವುದು. ಎತ್ತದ ಬಾವುಟ. ತುಳಜಾಳ ಮುಖ ಬಿಳಿಚಿಕೊಂಡಿತು. ಗಂಡ ಬಾವುಟ ಎತ್ತಿದ್ದನೆಂದು ಅವಳೂ ಊರಿನಂತೆಯೇ ಕೇಳಿದ್ದಳು, ನಂಬಿದ್ದಳು.

ಬಾಗಿಲಲ್ಲಿ ಚಪ್ಪಲಿ ಸದ್ದಾಯಿತು. ಪಾಳಿ ಮುಗಿಸಿ ಬಂದ ಸುಭಾಷ, ಕೈಯಲ್ಲಿ ಡಬ್ಬಿ ಹಿಡಿದು ಅಲ್ಲೇ ನಿಂತ. ಟೀವಿಯಲ್ಲಿ ಅವನೂ ನಿಂತಿದ್ದ.

"ತುಳಸಿರಾಮನ ಹಳೇ ಕ್ಯಾಸೆಟ್ಟಿನೊಳಗ ಇದನ್ನ ನೀವs ಆರಿಸಿ ಕೊಟ್ಟಿದ್ರಿ ಅಲ್ಲ?" ತುಳಜಾ ಕೇಳಿದಳು. "ಹೊಸಾದು ತಗೊಳ್ರಿ ಅಂತ ನಮ್ಮಪ್ಪ ಅಂದ್ರೂ ಇದನ್ನs ಹಾಕಂತ ಕೂತ್ರಿ. ಇದನ್ನ ಅಳಸಾಕ?"

ಸುಭಾಷ ಡಬ್ಬಿ ಕೆಳಗಿಟ್ಟು ಹೊಸ್ತಿಲ ಮೇಲೆ ಕುಸಿದು ಕುಳಿತ. "ಲೇಸು ಬಿಚ್ಚಿತ್ತು ವೈನಿ. ನಾ ನೋಡಲೇ ಇಲ್ಲ. ಅಣ್ಣ ನನ್ನ ನೋಡಿದ, ನನಗ ಏನ್ ಮಾಡಬೇಕಂತ ತಿಳೀಲಿಲ್ಲ. ಆಟ ಮುಗದ ಮ್ಯಾಲ ಶಂಕ್ರಪ್ಪಾರು, ಅವರ ಮಂದಿ, ಗೇಟಿನ್ಯಾಗ ಸುತ್ತ ನಿಂತ್ರು. ನಾ ಅವಾಗ ಕಾಯಂ ಆಗಬೇಕಾಗಿತ್ತು. ಅಂಜಿ, ಎತ್ತಿದ್ದೆ ಅಂದೆ. ಒಮ್ಮೆ ಅಂದ ಮ್ಯಾಲ ತಿರುಗಿಸಿ ಹೆಂಗ ಹೇಳಲಿ?"

"ನಮ್ಮನಿಯವರಿಗೆ ಗೊತ್ತಿತ್ತೇನು?" ಎಂದಳು ನಿರ್ಮಲಾ.

"ಗೊತ್ತಿತ್ತು. ಅವತ್ತ ರಾತ್ರಿನs ಅಣ್ಣನ ಕಾಲು ಹಿಡದೆ. 'ಲೇಸು ಬಿಗಿಯಾಗಿ ಕಟ್ಟಬೇಕಪಾ' ಅಂದ. ಅಷ್ಟs ಅಂದ. ನನ್ನ ನೌಕರಿ ಹೋಗ್ತೈತಂತs ಟೇಪ್ ನೋಡೂದು ಬ್ಯಾಡ ಅಂದ."

ಮದುವೆಗೆ ಕೊಡ ಹೊತ್ತುಕೊಂಡು ಹೋದದ್ದು, ದಿನವೂ ಆ ಸ್ವೆಟರ್ ಹಾಕಿಕೊಂಡದ್ದು, ಅರ್ಧ ತುಂಬಿದ ಡಬ್ಬಿ, ಸೀಟಿ ಊದಿದಾಂವ ನಾನು ಎಂಬ ಮಾತು, ಎಲ್ಲವೂ ಒಂದರ ಹಿಂದೊಂದು ನಿರ್ಮಲಾಳ ನೆನಪಿಗೆ ಬಂದವು. ಅವನು ಸೊಕ್ಕಿನಿಂದ ಸುಮ್ಮನಿರಲಿಲ್ಲ. ಒಬ್ಬ ಹುಡುಗನ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡು ಸತ್ತಿದ್ದ. ಇದು ತಿಳಿದ ಮೇಲಾದರೂ ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಅದು ಬೇರೆ ಯಾರದೋ ಮನೆಯ ಸಂಗತಿಯಂತೆ ದೂರ ನಿಂತಿತ್ತು.

"ಕ್ಯಾಸೆಟ್ ಒಯ್ರಿ ವೈನಿ" ಎಂದ ಸುಭಾಷ. "ಶಂಕ್ರಪ್ಪಾರ ಮನ್ಯಾಗ ಹಾಕ್ರಿ. ಎಲ್ಲಾರೂ ನೋಡ್ಲಿ. ಏನಾಗೂದೈತಿ ಆಗ್ಲಿ."

ತುಳಜಾ ಕ್ಯಾಸೆಟ್ ತೆಗೆದು ಮುಂದೆ ಹಿಡಿದಳು. ಅವಳ ಮದುವೆಯೂ ಅದರಲ್ಲೇ ಇತ್ತು, ಅವಳ ಅಳುವೂ. ನಿರ್ಮಲಾ ಅದನ್ನು ಮುಟ್ಟಲಿಲ್ಲ. ಈ ಕರಿ ಡಬ್ಬಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಹೋಗಿ ಹಾಕಿಬಿಟ್ಟರೆ ಗಂಡನ ಫೋಟೊಕ್ಕೆ ನಾಳೆಯೇ ಮಾಲೆ ಬೀಳುತ್ತದೆ. ಅದು ಅವಳಿಗೆ ಗೊತ್ತಿತ್ತು. ಆದರೆ ಇದೇ ಟೇಪು ಬೇಡ ಎನ್ನುತ್ತ ಅವನು ಇಡೀ ಊರಿನ ಎದುರು ನಿಂತಿದ್ದನಲ್ಲ.

"ಕ್ಯಾಸೆಟ್ ಬ್ಯಾಡ" ಎಂದಳು. "ಅವರು ಬ್ಯಾಡ ಅಂದಿದ್ರು. ಬಾವುಟ ನಿನ್ನ ಕೈಯಾಗಿತ್ತು, ಸುಭಾಷ. ಈಗರೆ ಎತ್ತು."

ಎದ್ದು ಸೆರಗು ಹೊದ್ದು ಮನೆಗೆ ಬಂದು ಹಿಟ್ಟು ನಾದಿದಳು.

ಇಪ್ಪತ್ತಾರರ ಮಧ್ಯಾಹ್ನ ಮೈದಾನದ ಮೈಕಿನ ಭೋಂಗಾ ಹಳೇ ದಾಂಡೇಲಿಯವರೆಗೂ ಕೇಳುತ್ತಿತ್ತು. ನಿರ್ಮಲಾ ಹೋಗಲಿಲ್ಲ. ಫೈನಲ್ ದಿನ ರೊಟ್ಟಿಗೆ ಗಿರಾಕಿ ಹೆಚ್ಚು. ಒಲೆ ಹೊತ್ತಿಸಿ ಹಂಚಿಟ್ಟಳು. ಕ್ವಾರ್ಟರ್ಸಿನಿಂದ ಬಂದಿದ್ದ ಗೋದುಬಾಯಿ ಹಿಟ್ಟು ಜರಡಿ ಹಿಡಿಯುತ್ತ ಪಕ್ಕದಲ್ಲಿ ಕೂತಿದ್ದಳು. ಭೋಂಗಾದಲ್ಲಿ ಶಂಕ್ರಪ್ಪ ಅತಿಥಿಗಳ ಹೆಸರು ಓದಿದ, ತಂಡಗಳ ಹೆಸರು ಓದಿದ. ಇಂದಿನ ರೆಫ್ರಿ ಸುಭಾಷ ಎಂದ. ಆಮೇಲೆ ಮೈಕು ಕರಕರ ಅಂದಿತು.

"ನಾ ಸುಭಾಷ ಮಾತಾಡತೇನ್ರಿ. ಆ ವರ್ಷ ಟಿಬೆಟನ್ ಕಾಲೊನಿ ಜೋಡಿ ಫೈನಲ್ ಆಗಿತ್ತಲ್ಲ, ಅದರಾಗ ನಾ ಬಾವುಟ ಎತ್ತಿದ್ದಿಲ್ರಿ. ನಾ ಬೂಟಿನ ಲೇಸು ಕಟ್ಟಾಕತ್ತಿದ್ದೆ. ಜ್ಯೋತಿಬಣ್ಣ ನನ್ನ ಕೇಳಿದ. ನಾ ಹೇಳಲಿಲ್ಲ. ಅಣ್ಣಂದು ಏನೂ ತಪ್ಪಿಲ್ಲ. ಸುಳ್ಳು ಹೇಳಿದಾಂವ ನಾನು. ಈ ಸೀಟಿ ತಗೊಳ್ರಿ."

ಗೋದುಬಾಯಿಯ ಕೈಯಲ್ಲಿ ಜರಡಿ ನಿಂತಿತು. ಭೋಂಗಾದಲ್ಲಿ ಗಾಳಿಯ ಸದ್ದು ಮಾತ್ರ ಕೇಳುತ್ತಿತ್ತು. ನಿರ್ಮಲಾ ಹಂಚಿನ ಮೇಲೆ ಒಂದು ರೊಟ್ಟಿ ಹಾಕಿದಳು. ಈಗ ಗದ್ದಲ ಏಳಬಹುದು, ಯಾರಾದರೂ ಅಳಬಹುದು, ಯಾರಾದರೂ ಅವನನ್ನು ಹೊಡೆಯಬಹುದು ಎಂದು ಕಾದಳು. ಅಂದು ಉಣ್ಣಲು ಗಂಡನ ಪಕ್ಕದಲ್ಲಿ ಕೂಡದವರು ಈಗ ಏನು ಹೇಳುತ್ತಾರೆ? ರೊಟ್ಟಿಯ ಅಂಚು ಇನ್ನೂ ಬಿಳಿಯದಾಗಿಯೇ ಇತ್ತು. ಅಷ್ಟರಲ್ಲಿ ಮೈದಾನದ ಯಾವುದೋ ಮೂಲೆಯಿಂದ ಒಬ್ಬ ಕೂಗಿದ್ದು ಮೈಕಿನಲ್ಲಿ ಕೇಳಿಸಿತು.

"ಆತು ಬಿಡ್ರಿ, ಆಟ ಸುರು ಮಾಡ್ರಿ! ಹೊತ್ತು ಮುಳುಗತೈತಿ!"

ಜನ ಹೋ ಎಂದರು. ಶಂಕ್ರಪ್ಪನ ದನಿ ಮತ್ತೆ ಬಂತು. ಕಳೆದ ಸೈಕಲ್ ಕೀಲಿಯ ಬಗ್ಗೆ ಹೇಳುವ ದನಿಯಲ್ಲೇ, "ದಿವಂಗತ ಜ್ಯೋತಿಬಾ ಅವರ ಫೋಟೊ ಯಾರ ಕಡೆ ಐತಿ ಅವರು ಪೆಂಡಾಲಿಗೆ ತಂದು ಕೊಡಬೇಕು" ಎಂದ. ಆಮೇಲೆ ಸೀಟಿ ಕೇಳಿಸಿತು. ಅದು ಸುಭಾಷನದಲ್ಲ, ಬೇರೆ ಯಾರದೋ ಉಸಿರು. ಆಟ ಸುರುವಾಯಿತು.

ಅಷ್ಟೇ. ಗಂಡನನ್ನು ಕಾಮಣಿಗೆ ದೂಡಿದ ಮಾತು ಹಿಂದಕ್ಕೆ ಹೋಗಲು ಒಂದು ರೊಟ್ಟಿ ಬೇಯುವಷ್ಟು ಹೊತ್ತೂ ಬೇಕಾಗಲಿಲ್ಲ.

"ಫೋಟೊ ಕೊಡs, ನಾ ಒಯ್ದು ಕೊಟ್ಟ ಬರ್ತೇನಿ" ಎಂದು ಗೋದುಬಾಯಿ ಎದ್ದಳು.

ನಿರ್ಮಲಾ ಹಂಚಿಗೆ ಕೈ ಹಾಕಿ ರೊಟ್ಟಿ ತಿರುವಿದಳು. ಬೆರಳು ಚುರ್ ಎಂದಿತು. ಅಮ್ಮಾ ಎಂದು ಕೈ ಝಾಡಿಸಿದಳು. ಬೆರಳನ್ನು ಬಾಯಲ್ಲಿಟ್ಟುಕೊಂಡಳು. ತೆಗೆದಳು.

"ನನಗರೆ ಹೇಳಬಾರದಿತ್ತೇನ್ರೀ?" ಎಂದಳು. ಗೋದುಬಾಯಿ ತನಗೇ ಅಂದಳೆಂದು ತಿರುಗಿ ನೋಡಿದಳು. "ಊರಿಗಿ ಹೇಳೂದು ಬ್ಯಾಡ, ಬಿಡ್ರಿ. ಒಂದs ತಾಟಿನ್ಯಾಗ ಉಂಡಾಕಿಗಿ ಹೇಳಬಾರದಿತ್ತೇನು? ನಾನೂ ನಿಮ್ಮನ್ನ ಊರಿನಂಗs ನೋಡಿದೆನಲ್ರೀ. ಯಾರೋ ಹುಡುಗನ ನೌಕರಿ ದೊಡ್ಡದಾತು, ನಾ ಯಾರೂ ಅಲ್ಲದಾಕಿ ಆದೆ? ಏನ್ ಮನಷ್ಯಾರ್ರೀ ನೀವು, ಏನ್ ಮನಷ್ಯಾರು!"

ಬೈಯುತ್ತಲೇ ಇದ್ದಳು. ದನಿ ಏರಿತು, ಒಡೆಯಿತು, ಮತ್ತೆ ಏರಿತು. ಅದಕ್ಕೆ ರಾಗವಿರಲಿಲ್ಲ, ಕಲಿತ ಮಾತೂ ಇರಲಿಲ್ಲ. ಹಂಚಿನ ಮೇಲಿನ ರೊಟ್ಟಿ ಕರಿಯಾಯಿತು. ಗೋದುಬಾಯಿ ಅದನ್ನು ತೆಗೆದು ಬದಿಗಿಟ್ಟು, ಒಲೆಯ ಉರಿ ಹಿಂದಕ್ಕೆಳೆದು, ಅವಳ ಪಕ್ಕದಲ್ಲಿ ಕುಳಿತಳು.